ವಯಸ್ಸನ್ನು ಯಾರೂ ಕೇಳುವುದಿಲ್ಲ, ಪಿಯುಸಿ ಅಂಕಪಟ್ಟಿ ಕೇಳುತ್ತಾರೆ

ನಲವತ್ತು ದಾಟಿದ ಮೇಲೆ ಡಿಗ್ರಿ ಮಾಡಬೇಕೆಂದು ಹೊರಟವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ, 'ಈ ವಯಸ್ಸಲ್ಲಿ ಸೀಟು ಕೊಡ್ತಾರಾ?' ಕೊಡುತ್ತಾರೆ. ಮುಕ್ತ ವಿಶ್ವವಿದ್ಯಾಲಯಗಳ ಬಿ.ಎ., ಬಿ.ಕಾಂ., ಎಂ.ಎ.ಗಳಿಗೆ ಗರಿಷ್ಠ ವಯೋಮಿತಿ ಎಂಬುದೇ ಇಲ್ಲ. ವಯಸ್ಸಿನ ಗೋಡೆ ಇದ್ದ ಕಡೆಗಳಲ್ಲೂ ಅದು ಬಿರುಕು ಬಿಟ್ಟಿದೆ. ಮೂರು ವರ್ಷದ ಎಲ್‌ಎಲ್‌ಬಿಗೆ ಬಾರ್ ಕೌನ್ಸಿಲ್ ವಿಧಿಸಿದ್ದ 30 ವರ್ಷದ ಮಿತಿಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿತು. ನೀಟ್ ಬರೆಯಲು ಇದ್ದ ಗರಿಷ್ಠ ವಯಸ್ಸಿನ ಷರತ್ತು 2022ರಲ್ಲಿ ಹೋಯಿತು. ಅದಕ್ಕೂ ಮುಂಚೆಯೇ, 2020ರಲ್ಲಿ, ಒಡಿಶಾದ ನಿವೃತ್ತ ಬ್ಯಾಂಕ್ ನೌಕರರೊಬ್ಬರು 64ನೇ ವಯಸ್ಸಿನಲ್ಲಿ ಎಂಬಿಬಿಎಸ್ ತರಗತಿಯಲ್ಲಿ ಹೋಗಿ ಕೂತಿದ್ದರು.

ಆದ್ದರಿಂದ ವಯಸ್ಸಿನ ಚಿಂತೆ ಬಿಡಿ. ಪ್ರವೇಶದ ಕೌಂಟರಿನಲ್ಲಿ ಕೂತವರು ನಿಮ್ಮ ನರೆಗೂದಲನ್ನು ತಲೆಯೆತ್ತಿ ನೋಡುವುದೂ ಇಲ್ಲ. ಅವರ ಕಣ್ಣು ಇರುವುದು ಹಾಳೆಗಳ ಮೇಲೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ಆಧಾರ್. ಇವುಗಳಲ್ಲಿ ಒಂದು ಇಲ್ಲದಿದ್ದರೆ, ಅಥವಾ ಒಂದರಲ್ಲಿರುವ ಹೆಸರು ಇನ್ನೊಂದಕ್ಕೆ ಹೊಂದದಿದ್ದರೆ ತೊಡಕು ಶುರು. ದೊಡ್ಡವರಾದ ಮೇಲೆ ಓದಲು ಹೊರಟವರು ಎಡವುವುದು ಬಹುತೇಕ ಇಲ್ಲೇ. ಪಾಠ ತಲೆಗೆ ಹತ್ತದೆ ಅಲ್ಲ.

ಮೊದಲು ನೀವು ಎಲ್ಲಿಗೆ ನಿಲ್ಲಿಸಿದ್ದೀರಿ?

ಎಸ್ಸೆಸ್ಸೆಲ್ಸಿ, ಅದಾದ ಮೇಲೆ ಪಿಯುಸಿ, ಅದಾದ ಮೇಲೆ ಡಿಗ್ರಿ, ಆಮೇಲೆ ಸ್ನಾತಕೋತ್ತರ. ಈ ಅನುಕ್ರಮವನ್ನು ಹಾರಿಸಲು ಹೋಗಬೇಡಿ. ಪಿಯುಸಿ ಇಲ್ಲದವರು ಆರು ತಿಂಗಳ ಸಿದ್ಧತಾ ಕೋರ್ಸ್ ಮುಗಿಸಿ ನೇರ ಬಿ.ಎ.ಗೆ ಸೇರುವ ದಾರಿ ಮುಕ್ತ ವಿಶ್ವವಿದ್ಯಾಲಯಗಳಲ್ಲಿ ಒಂದು ಕಾಲಕ್ಕೆ ಬಹಳ ಜನಪ್ರಿಯವಾಗಿತ್ತು. ಹಾಗೆ ಪಡೆದ ಪದವಿಯನ್ನು ಗೋಡೆಗೆ ತೂಗುಹಾಕಬಹುದು, ಮುಂದಕ್ಕೆ ಬಳಸುವುದು ಕಷ್ಟ. ಹತ್ತನೇ ತರಗತಿ, ಪಿಯುಸಿಗಳ ತಳಹದಿ ಇಲ್ಲದೆ ಮುಕ್ತ ವಿವಿಯಿಂದ ನೇರವಾಗಿ ಪದವಿ ಪಡೆದವರಿಗೆ ಎಲ್‌ಎಲ್‌ಬಿ ಪ್ರವೇಶವಿಲ್ಲ ಎಂದು ಬಾರ್ ಕೌನ್ಸಿಲಿನ 2008ರ ನಿಯಮಗಳೇ ಹೇಳುತ್ತವೆ. ಮೊದಲ ಪದವಿ ಇಲ್ಲದೆ ಮುಕ್ತ ಪದ್ಧತಿಯಲ್ಲಿ ಎಂ.ಎ. ಮಾಡಿದವರೊಬ್ಬರ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, 2009ರಲ್ಲಿ ಅಂಥ ಎಂ.ಎ. ಊರ್ಜಿತವಲ್ಲವೆಂದು ತೀರ್ಪಾಯಿತು. ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣವೆಂದು ಅದು ಪ್ರಸಿದ್ಧ. ಯಾರಾದರೂ 'ಪಿಯುಸಿ ಬೇಡ ಬಿಡಿ ಸಾರ್, ನೇರ ಡಿಗ್ರಿ ಮಾಡಿಸ್ತೀವಿ' ಅಂದರೆ ಈ ತೀರ್ಪು ನೆನಪಿರಲಿ.

ಏಳನೆಯದೋ ಎಂಟನೆಯದೋ ಓದಿ ಬಿಟ್ಟವರಿಗೆ ಎರಡು ದಾರಿಗಳಿವೆ. ಒಂದು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟುವುದು. ಹದಿನೈದು ವರ್ಷ ತುಂಬಿದ್ದರೆ ಸಾಕು, ಕನ್ನಡದಲ್ಲೇ ಬರೆಯಬಹುದು, ಮಕ್ಕಳ ಹಳೆಯ ಪಠ್ಯಪುಸ್ತಕಗಳು ಮನೆಯಲ್ಲೇ ಇರುತ್ತವೆ. ಇದು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಹೇಳಿಮಾಡಿಸಿದ ದಾರಿ. ಇನ್ನೊಂದು, ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಇದು 1989ರಿಂದ ಇದೆ, ಬೆಂಗಳೂರಿನಲ್ಲಿ ಪ್ರಾದೇಶಿಕ ಕಚೇರಿ ಇದೆ, ವರ್ಷಕ್ಕೆರಡು ಸಲ, ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರಿನಲ್ಲಿ, ಪರೀಕ್ಷೆ ನಡೆಯುತ್ತದೆ. ಐದು ವಿಷಯಗಳು; ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳ ಅವಧಿ, ಒಂಬತ್ತು ಅವಕಾಶ. ಎಲ್ಲ ವಿಷಯಗಳನ್ನೂ ಒಟ್ಟಿಗೆ ಕಟ್ಟಬೇಕೆಂದಿಲ್ಲ, ಈ ಸಲ ಎರಡು, ಮುಂದಿನ ಸಲ ಎರಡು ಎಂದು ಬರೆಯಬಹುದು. ಹಿಂದೆ ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳ ಅಂಕಗಳನ್ನು ವರ್ಗಾಯಿಸಿಕೊಳ್ಳಲೂ ಅವಕಾಶವಿದೆ. ಗಣಿತ ಕಂಡರೆ ಓಡುವವರಿಗೆ ಎನ್‌ಐಒಎಸ್ ಒಳ್ಳೆಯದು, ಏಕೆಂದರೆ ಅಲ್ಲಿ ವಿಷಯಗಳ ಆಯ್ಕೆ ನಿಮ್ಮ ಕೈಯಲ್ಲಿರುತ್ತದೆ.

ಪಿಯುಸಿಗೂ ಹೀಗೇ. ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಕಳೆದಿದ್ದರೆ ಕಲಾ, ವಾಣಿಜ್ಯ ವಿಭಾಗಗಳಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಬಹುದು. ವಿಜ್ಞಾನಕ್ಕೆ ಈ ಸೌಲಭ್ಯವಿಲ್ಲ, ಪ್ರಯೋಗಾಲಯದ ಕೆಲಸ ಇರುತ್ತದಲ್ಲ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿರುವುದರಿಂದ ಒಂದು ವಿಷಯ ಕೈಕೊಟ್ಟರೆ ಇಡೀ ವರ್ಷ ಹಾಳಾಗುವುದಿಲ್ಲ. ಆದರೆ ಖಾಸಗಿ ಅಭ್ಯರ್ಥಿಗಳ ನೋಂದಣಿ ಪರೀಕ್ಷೆಗಿಂತ ಎಷ್ಟೋ ತಿಂಗಳು ಮುಂಚೆಯೇ ಮುಗಿದಿರುತ್ತದೆ. ಜನವರಿಯಲ್ಲಿ ನೆನಪಾಗಿ ಹತ್ತಿರದ ಪಿಯು ಕಾಲೇಜಿಗೆ ಓಡಿದರೆ 'ಮುಂದಿನ ವರ್ಷ ಬನ್ನಿ' ಎಂಬ ಉತ್ತರವೇ ಸಿಗುವುದು. ಮಳೆಗಾಲದಲ್ಲೇ ಹೋಗಿ ಗುಮಾಸ್ತರನ್ನು ಕಂಡು ಬಂದಿರಿ.

ಮೂರು ವರ್ಷದ ಡಿಪ್ಲೊಮಾ ಮಾಡಿದವರಿಗೆ ಪಿಯುಸಿಯ ಗೋಜೇ ಬೇಡ, ಡಿಗ್ರಿಗೆ ಅದು ಸಾಮಾನ್ಯವಾಗಿ ಸಮಾನ ಅರ್ಹತೆ. ಐಟಿಐ ಮಾಡಿದವರಿಗೆ ಎನ್‌ಐಒಎಸ್‌ನಲ್ಲಿ ಟ್ರೇಡಿನ ಅಂಕಗಳು ಲೆಕ್ಕಕ್ಕೆ ಬರುತ್ತವೆ, ಭಾಷೆ ಸೇರಿದಂತೆ ಉಳಿದ ಪತ್ರಿಕೆಗಳನ್ನಷ್ಟೇ ಕಟ್ಟಬೇಕಾಗುತ್ತದೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಇಪ್ಪತ್ತು ವರ್ಷ ಕಳೆದು ಈಗ ಸೂಪರ್‌ವೈಸರ್ ಆಗಲು ಡಿಗ್ರಿ ಕೇಳುತ್ತಿದ್ದಾರೆ ಎನ್ನುವವರು ಇದನ್ನು ಗಮನಿಸಬೇಕು.

ಮೈಸೂರಿನದೋ, ದಿಲ್ಲಿಯದೋ

ಪಿಯುಸಿ ಕೈಯಲ್ಲಿದ್ದರೆ ನಮ್ಮ ರಾಜ್ಯದವರ ಮುಂದೆ ಸಹಜವಾಗಿ ನಿಲ್ಲುವುದು ಎರಡು ಹೆಸರು: ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ, ಇನ್ನೊಂದು ದಿಲ್ಲಿಯ ಇಗ್ನೊ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1969ರಲ್ಲಿ ಶುರುವಾದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಮುಕ್ತ ವಿವಿಯಾಯಿತು. 'ಅಂಚೆ ಮೂಲಕ ಬಿ.ಎ. ಮಾಡಿದೆ' ಎನ್ನುವ ಹಳೆಯ ಮೇಷ್ಟ್ರುಗಳ, ಬ್ಯಾಂಕ್ ಗುಮಾಸ್ತರ ಒಂದು ತಲೆಮಾರೇ ನಮ್ಮಲ್ಲಿದೆ. ಇದರ ದೊಡ್ಡ ಅನುಕೂಲ ಕನ್ನಡ. ಬಿ.ಎ., ಬಿ.ಕಾಂ.ಗಳನ್ನು ಕನ್ನಡದಲ್ಲೂ ಓದಿ ಬರೆಯಬಹುದು, ಸಿದ್ಧಪಾಠಗಳೂ ಕನ್ನಡದಲ್ಲಿ ಬರುತ್ತವೆ, ಪ್ರಾದೇಶಿಕ ಕೇಂದ್ರಗಳು ಜಿಲ್ಲೆಗಳಲ್ಲಿವೆ. ಆಟೊ–ಕ್ಯಾಬ್ ಚಾಲಕರು, ಮಾಜಿ ಸೈನಿಕರು, ಬಿಪಿಎಲ್ ಕುಟುಂಬದ ಮಹಿಳೆಯರು ಇಂಥವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ಪದ್ಧತಿಯೂ ಇದೆ. ಆ ವರ್ಷದ ವಿವರಣಾ ಪುಸ್ತಿಕೆಯಲ್ಲಿ ನಿಮ್ಮ ವರ್ಗ ಇದೆಯೇ ಎಂದು ನೋಡಿಕೊಂಡೇ ಶುಲ್ಕ ಕಟ್ಟಿ. ಕಟ್ಟಿದ ಮೇಲೆ ಕೇಳಿದರೆ ವಾಪಸ್ ಬರುವುದು ಕಷ್ಟ.

1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಇಗ್ನೊಗೆ ಬೆಂಗಳೂರು, ವಿಜಯಪುರಗಳಲ್ಲಿ ಪ್ರಾದೇಶಿಕ ಕೇಂದ್ರಗಳಿವೆ. ಪಠ್ಯ ಹೆಚ್ಚಾಗಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಆದರೆ ಊರು ಬದಲಿಸುವ ಕೆಲಸದವರಿಗೆ, ಸೈನ್ಯದಲ್ಲಿರುವವರಿಗೆ, ಮುಂಬೈ–ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಇದೇ ಸರಿ, ಏಕೆಂದರೆ ದೇಶದಲ್ಲಿ ಎಲ್ಲಿದ್ದರೂ ಪರೀಕ್ಷಾ ಕೇಂದ್ರ ಸಿಗುತ್ತದೆ. ಮೂರು ವರ್ಷದ ಪದವಿಯನ್ನು ಆರು ವರ್ಷದವರೆಗೆ ಎಳೆಯಬಹುದು. ಅಂಕಗಳಲ್ಲಿ ಶೇ 30 ಅಸೈನ್‌ಮೆಂಟಿಗೆ, ಶೇ 70 ಜೂನ್ ಅಥವಾ ಡಿಸೆಂಬರ್ ಪರೀಕ್ಷೆಗೆ. ಇಗ್ನೊ ಪಾಠಗಳೆಲ್ಲ ಇ–ಜ್ಞಾನಕೋಶ ಎಂಬ ಜಾಲತಾಣದಲ್ಲಿ ಯಾರಿಗಾದರೂ ಉಚಿತ. ಶುಲ್ಕ ಕಟ್ಟುವ ಮುನ್ನ ನಿಮಗೆ ಬೇಕೆನಿಸಿದ ವಿಷಯದ ಒಂದು ಪಾಠವನ್ನು ಇಳಿಸಿಕೊಂಡು ಎರಡು ಭಾನುವಾರ ಓದಿ ನೋಡಿ. ಅರ್ಧಕ್ಕೇ ನಿದ್ದೆ ಬಂದರೆ ವಿಷಯ ಬದಲಿಸಿ. ಇಗ್ನೊದಲ್ಲಿ ಹೊಸಬರು ಮರೆಯುವ ಒಂದು ಸಂಗತಿಯಿದೆ: ಹಿಂದಿನ ವರ್ಷದ ಫಲಿತಾಂಶಕ್ಕೆ ಕಾಯದೆ ಮುಂದಿನ ವರ್ಷಕ್ಕೆ ಮರುನೋಂದಣಿ ಮಾಡಿಸಬೇಕು. ಫಲಿತಾಂಶ ಬರಲಿ ಎಂದು ಕೂತರೆ ಒಂದು ವರ್ಷ ಹೋಯಿತೆಂದೇ ಲೆಕ್ಕ.

ಕಾಸರಗೋಡಿನ ಕನ್ನಡಿಗರಿಗೆ 2020ರಲ್ಲಿ ಕೊಲ್ಲಂನಲ್ಲಿ ಸ್ಥಾಪನೆಯಾದ ಶ್ರೀನಾರಾಯಣಗುರು ಮುಕ್ತ ವಿವಿ, ಸೊಲ್ಲಾಪುರದ ಕಡೆಯವರಿಗೆ ನಾಸಿಕದ ಯಶವಂತರಾವ್ ಚವ್ಹಾಣ ಮುಕ್ತ ವಿವಿಯೂ ಇವೆ.

ಮಾನ್ಯತೆಯ ಕಥೆ

ಮಾನ್ಯತೆಯನ್ನು ವಿಶ್ವವಿದ್ಯಾಲಯದ ಹೆಸರು ನೋಡಿ ನಂಬುವ ಕಾಲ 2015ಕ್ಕೇ ಮುಗಿಯಿತು. ಆ ವರ್ಷ ಜೂನ್‌ನಲ್ಲಿ ಯುಜಿಸಿ, ನಮ್ಮ ರಾಜ್ಯ ಮುಕ್ತ ವಿವಿಗೆ 2012–13ರ ನಂತರ ಮಾನ್ಯತೆ ಇಲ್ಲವೆಂದು ಪ್ರಕಟಿಸಿತು. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ತಾಂತ್ರಿಕ ಕೋರ್ಸ್‌ಗಳನ್ನೂ ನಡೆಸಿದ್ದು ಅದಕ್ಕೆ ಮುಖ್ಯ ಕಾರಣ. ಆದರೆ ಪೆಟ್ಟು ತಿಂದವರು ಮೈಸೂರಿನಲ್ಲಿ, ಹಾಸನದಲ್ಲಿ, ರಾಯಚೂರಿನಲ್ಲಿ ಪ್ರಾಮಾಣಿಕವಾಗಿ ಓದುತ್ತಿದ್ದ ಸಾಮಾನ್ಯ ವಿದ್ಯಾರ್ಥಿಗಳು. 2018ರ ಆಗಸ್ಟ್‌ನಲ್ಲಿ ಮಾನ್ಯತೆ ಮರಳಿತು, 2018–19ರಿಂದ ಪ್ರವೇಶ ಮತ್ತೆ ಶುರುವಾಯಿತು.

ಈಗ ನೋಡಬೇಕಾದದ್ದು ಯುಜಿಸಿಯ ದೂರಶಿಕ್ಷಣ ಬ್ಯೂರೊ, ಡೆಬ್ ಎಂದು ಕರೆಯುತ್ತಾರಲ್ಲ, ಅದರ ಪಟ್ಟಿ. ವಿವಿಗೆ ಮಾನ್ಯತೆ ಇದ್ದರೆ ಸಾಲದು. ನೀವು ಸೇರುವ ಕೋರ್ಸಿಗೆ, ನೀವು ಸೇರುವ ಆವೃತ್ತಿಗೆ ಇರಬೇಕು. ಹಾಗೆ ಪಡೆದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿ ಇವುಗಳು ದೂರಶಿಕ್ಷಣದಲ್ಲಿ ಇಲ್ಲವೇ ಇಲ್ಲ. ಮನೋವಿಜ್ಞಾನ, ಆಹಾರ–ಪೋಷಣೆಯಂಥ ಆರೋಗ್ಯ ಸಂಬಂಧಿ ಕೋರ್ಸ್‌ಗಳಿಗೂ 2025ರ ಜುಲೈ–ಆಗಸ್ಟ್ ಆವೃತ್ತಿಯಿಂದ ದೂರಶಿಕ್ಷಣದಲ್ಲಿ ಪ್ರವೇಶ ನಿಲ್ಲಿಸಲಾಗಿದೆ. ಆಪ್ತಸಮಾಲೋಚಕಿಯಾಗಬೇಕೆಂದು ಮನೆಯಲ್ಲೇ ಕೂತು ಸೈಕಾಲಜಿ ಎಂ.ಎ. ಮಾಡಲು ಹೊರಟ ಗೃಹಿಣಿಯರು ಬಹಳ. ಅವರಿಗೆ ಈಗ ಕಾಲೇಜಿನ ಬಾಗಿಲೊಂದೇ ಇರುವುದು. ಬಿ.ಇಡಿ. ದೂರಶಿಕ್ಷಣದಲ್ಲಿದೆ, ಆದರೆ ಎಲ್ಲರಿಗಲ್ಲ: ಈಗಾಗಲೇ ತರಬೇತಿ ಪಡೆದು ಪಾಠ ಮಾಡುತ್ತಿರುವ ಶಿಕ್ಷಕರಿಗಾಗಿ ಇರುವ ವ್ಯವಸ್ಥೆ ಅದು.

'ಒಂದೇ ಸಿಟ್ಟಿಂಗ್‌ನಲ್ಲಿ ಡಿಗ್ರಿ', 'ಹಳೆಯ ವರ್ಷದ ಅಂಕಪಟ್ಟಿ ಸಿಗುತ್ತೆ' ಎಂದು ಬಸ್ ನಿಲ್ದಾಣದ ಕಂಬಕ್ಕೆ ಅಂಟಿಸಿದ ಫೋನ್ ನಂಬರುಗಳ ಬಗ್ಗೆ ಹೆಚ್ಚು ಬರೆಯುವುದು ಬೇಡ. ಮೂರು ವರ್ಷದ ಪದವಿ ಮೂರು ತಿಂಗಳಲ್ಲಿ ಬಂದರೆ ಅದು ಬೆರಳಚ್ಚು ಮಾಡಿದ ಕಾಗದ, ಅಷ್ಟೆ. ಪರಿಶೀಲನೆಗೆ ಕಳಿಸಿದ ದಿನ ಕೆಲಸದ ಜೊತೆ ಮರ್ಯಾದೆಯೂ ಹೋಗುತ್ತದೆ, ಕೇಸು ಬೇರೆ.

ಹೆಸರಿನ ತಕರಾರು

ನಿಧಾನವಾಗಿ ಓದಬೇಕಾದ ಭಾಗ ಇದು, ಅದರಲ್ಲೂ ಮದುವೆಯಾದ ಹೆಣ್ಣುಮಕ್ಕಳು. ಉದಾಹರಣೆಗೆ ಎಸ್ಸೆಸ್ಸೆಲ್ಸಿಯಲ್ಲಿ 'ಗೀತ ಕೆ.', ಪಿಯುಸಿಯಲ್ಲಿ 'ಕೆ. ಗೀತಾ', ಆಧಾರ್‌ನಲ್ಲಿ 'ಗೀತಾ ಮಂಜುನಾಥ್' ಎಂದಿದೆ ಎನ್ನಿ. ಊರಿನವರಿಗೆಲ್ಲ ಆಕೆ ಒಬ್ಬಳೇ ಗೀತಾ. ಕಂಪ್ಯೂಟರಿಗೆ ಮೂವರು. ನಮ್ಮ ಇನಿಷಿಯಲ್ ಪದ್ಧತಿ, ದೀರ್ಘ ಇಟ್ಟರೂ ಬಿಟ್ಟರೂ ನಡೆದುಹೋಗುತ್ತಿದ್ದ ಬರವಣಿಗೆ, ಗಂಡನ ಹೆಸರು ಸೇರಿಸಿಕೊಳ್ಳುವ ರೂಢಿ, ಎಲ್ಲ ಸೇರಿ ಈಗ ಗಂಟುಬೀಳುತ್ತವೆ. 2024ರಿಂದ ದೂರಶಿಕ್ಷಣಕ್ಕೆ ಸೇರುವ ಪ್ರತಿಯೊಬ್ಬರಿಗೂ ಡೆಬ್ ಐಡಿ ಕಡ್ಡಾಯ. ಅದಕ್ಕೆ ಮುನ್ನ ಎಬಿಸಿ ಐಡಿ, ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ ಸಂಖ್ಯೆ, ಆಗಬೇಕು; ಅದು ಡಿಜಿಲಾಕರ್ ಮೂಲಕ ಆಧಾರ್‌ಗೆ ಜೋಡಣೆಯಾಗುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಕೈಯಲ್ಲಿಲ್ಲದಿದ್ದರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತೀರಿ, ಏಕೆಂದರೆ ಒಟಿಪಿ ಹೋಗುವುದು ಅಲ್ಲಿಗೆ. ಎಷ್ಟೋ ಮನೆಗಳಲ್ಲಿ ಆ ನಂಬರ್ ಗಂಡನದೋ ಮಗನದೋ ಆಗಿರುತ್ತದೆ. ಈ ವಾರವೇ ಆಧಾರ್ ಕೇಂದ್ರಕ್ಕೆ ಹೋಗಿ ನಿಮ್ಮದೇ ನಂಬರ್ ಹಾಕಿಸಿಕೊಳ್ಳಿ.

ಹೆಸರು ಸರಿಪಡಿಸುವುದೆಂದರೆ ಯಾವುದನ್ನು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮುಟ್ಟಬೇಡಿ. ಅದು ಎಲ್ಲದಕ್ಕೂ ಮೂಲ, ಬದಲಿಸುವುದು ಅತಿ ಕಷ್ಟ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಅದರಿಂದ ದುಡುಕುವುದೂ ಬೇಡ. ಆಧಾರ್ ತಿದ್ದಿದರೆ ಪಾನ್, ಬ್ಯಾಂಕ್ ಖಾತೆ, ಪಡಿತರ ಚೀಟಿ, ಗೃಹಲಕ್ಷ್ಮಿ ಹಣ ಬೀಳುವ ಖಾತೆ, ಎಲ್ಲವನ್ನೂ ಸಾಲಾಗಿ ತಿದ್ದುವ ಕೆಲಸ ಬರುತ್ತದೆ. ವ್ಯತ್ಯಾಸ ಇನಿಷಿಯಲ್ಲಿನದೋ ದೀರ್ಘದ್ದೋ ಆಗಿದ್ದರೆ ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ, 'ಈ ಇಬ್ಬರೂ ಒಬ್ಬರೇ' ಎಂಬ ಅಫಿಡವಿಟ್, ಜೊತೆಗೆ ವಿವಾಹ ನೋಂದಣಿ ಪತ್ರ ಇದ್ದರೆ ಸಾಕಾಗುತ್ತದೆಯೇ ಎಂದು ಪ್ರಾದೇಶಿಕ ಕೇಂದ್ರದಲ್ಲಿ ಮೊದಲು ಕೇಳಿ. ಹೆಸರೇ ಪೂರ್ತಿ ಬೇರೆಯಾಗಿದ್ದರೆ ಮಾತ್ರ ರಾಜ್ಯಪತ್ರದಲ್ಲಿ ಪ್ರಕಟಿಸುವ ದಾರಿ ಹಿಡಿಯಿರಿ.

ಅಂಕಪಟ್ಟಿ ಕಳೆದಿದ್ದರೆ, ಗೆದ್ದಲು ತಿಂದಿದ್ದರೆ, ಪೊಲೀಸ್ ಠಾಣೆಯ ದೂರಿನ ಪ್ರತಿ ಮತ್ತು ಅಫಿಡವಿಟ್ ಹಿಡಿದು ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಹಾಕಿ ನಕಲು ಪ್ರತಿ ಪಡೆಯಬೇಕು. ನೋಂದಣಿ ಸಂಖ್ಯೆ, ಪಾಸಾದ ತಿಂಗಳು–ವರ್ಷ ಗೊತ್ತಿದ್ದರೆ ಕೆಲಸ ಅರ್ಧ ಮುಗಿದಂತೆ. ಶಾಲೆಯೇ ಮುಚ್ಚಿಹೋಗಿದ್ದರೆ ಆ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಇದಕ್ಕೆಲ್ಲ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ; ಪ್ರವೇಶದ ಕೊನೆಯ ದಿನಾಂಕ ನಿಮಗಾಗಿ ಕಾಯುವುದಿಲ್ಲ.

ಕ್ಲಾಸಿಗೆ ಹೋಗಿ ಕೂರುವ ಆಸೆ ಇದ್ದವರಿಗೆ

ಎಲ್ಲರಿಗೂ ಒಂಟಿ ಓದು ಒಗ್ಗುವುದಿಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್, ಶೇಷಾದ್ರಿಪುರಂ ಮುಂತಾದ ಸಂಸ್ಥೆಗಳ ಸಂಜೆ ಕಾಲೇಜುಗಳು, ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳ ಸಂಜೆ ಕಾಲೇಜುಗಳು ಅಂಗಡಿ, ಕಚೇರಿ ಮುಗಿಸಿ ಬರುವವರಿಗೆಂದೇ ಹುಟ್ಟಿದವು. ಇವು ಸಾಮಾನ್ಯ ಕಾಲೇಜುಗಳಂತೆಯೇ. ಟಿಸಿ ಬೇಕು, ಹಾಜರಿ ಬೇಕು. 2024–25ರಿಂದ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿದ್ದು ಕೆಲಸದ ಜೊತೆ ಓದುವವರಿಗೆ ಸಿಕ್ಕ ದೊಡ್ಡ ಸಮಾಧಾನ. ಡಿಪ್ಲೊಮಾ ಮಾಡಿ ಕನಿಷ್ಠ ಒಂದು ವರ್ಷ ದುಡಿದವರಿಗಾಗಿ ಎಐಸಿಟಿಇ 2023–24ರಿಂದ ಉದ್ಯೋಗಸ್ಥರ ಎಂಜಿನಿಯರಿಂಗ್ ಪದವಿಗೆ ಅನುಮತಿ ಕೊಡುತ್ತಿದೆ; ಕೆಲಸದ ಜಾಗ ಕಾಲೇಜಿಗೆ ಹತ್ತಿರ ಇರಬೇಕೆಂಬ ಷರತ್ತು ಇದೆ. ಎಲ್‌ಎಲ್‌ಬಿಗೆ ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ತರಗತಿ ಹಗಲಿನಲ್ಲೇ ನಡೆಯುವುದರಿಂದ ಪೂರ್ಣಾವಧಿ ನೌಕರಿಯ ಜೊತೆ ಅದನ್ನು ನಿಭಾಯಿಸುವುದು ಕಷ್ಟ. ಎಂ.ಎ.ಯಲ್ಲಿ ಶೇ 55 ಇದ್ದವರಿಗೆ 2022ರ ಯುಜಿಸಿ ನಿಯಮಗಳು ಅರೆಕಾಲಿಕ ಪಿಎಚ್.ಡಿ.ಯನ್ನೂ ತೆರೆದಿಟ್ಟಿವೆ, ಕೆಲಸ ಕೊಟ್ಟವರಿಂದ ನಿರಾಕ್ಷೇಪಣಾ ಪತ್ರ ತರಬೇಕು.

ಸರ್ಕಾರಿ ನೌಕರರು ಯಾವ ಕೋರ್ಸಿಗೇ ಸೇರಲಿ, ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ಪದವಿ ಬಂದ ಮೇಲೆ ಸೇವಾ ಪುಸ್ತಕದಲ್ಲಿ ನಮೂದಿಸಿ ಎಂದು ಹೋದರೆ ಕೇಳುವ ಮೊದಲ ಕಾಗದ ಅದೇ. ಇನ್ನು ಡಿಗ್ರಿ ಮಾಡುತ್ತಿರುವುದೇ ಸರ್ಕಾರಿ ಕೆಲಸಕ್ಕೆ ಎಂದಾದರೆ ಆ ಹುದ್ದೆಯ ವಯೋಮಿತಿಯನ್ನು ಇವತ್ತೇ ನೋಡಿಕೊಳ್ಳಿ. ಕಾಲೇಜಿಗೆ ವಯಸ್ಸಿಲ್ಲ, ನೇಮಕಾತಿಗೆ ಇದೆ.

ಸೇರಿದ ಮೇಲೆ ಬರುವ ತೊಂದರೆ ಯಾರೂ ಊಹಿಸದ್ದು: ಕೈ. ಹತ್ತಿಪ್ಪತ್ತು ವರ್ಷ ಸಹಿ ಬಿಟ್ಟರೆ ಪೆನ್ನು ಹಿಡಿಯದವರು, ಮೆಸೇಜು ಒತ್ತುವುದಕ್ಕಷ್ಟೇ ಒಗ್ಗಿದ ಬೆರಳುಗಳು, ಮೂರು ಗಂಟೆ ಬರೆಯಬೇಕು. ಮೊದಲ ಗಂಟೆ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ಜೋಮು ಹಿಡಿಯುತ್ತದೆ, ಅಕ್ಷರ ಕೆಳಗಿಳಿಯುತ್ತದೆ, ಗೊತ್ತಿದ್ದ ಕೊನೆಯ ಎರಡು ಉತ್ತರ ಹಾಗೇ ಉಳಿಯುತ್ತವೆ. ಅಸೈನ್‌ಮೆಂಟನ್ನು ಮಗಳ ಕೈಯಲ್ಲಿ ಬರೆಸಬೇಡಿ, ನೀವೇ ಬರೆಯಿರಿ. ಅದು ಅಂಕಕ್ಕಿಂತ ಕೈಗೆ ಬೇಕಾದ ಅಭ್ಯಾಸ. ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗಿನಿಂದ ದಿನಕ್ಕೊಂದು ಉತ್ತರವನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ. ಹಳೆಯ ಪ್ರಶ್ನೆಪತ್ರಿಕೆಗಳು ಜಾಲತಾಣದಲ್ಲೇ ಸಿಗುತ್ತವೆ.

ದೂರಶಿಕ್ಷಣದ ಪ್ರವೇಶಗಳು ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈ ಆವೃತ್ತಿಗಳಲ್ಲಿ ನಡೆಯುತ್ತವೆ. ಜುಲೈಗೆ ಸೇರುವವರು ಯುಗಾದಿಯ ಹೊತ್ತಿಗೆ, ಜನವರಿಗೆ ಸೇರುವವರು ದಸರೆಯ ಹೊತ್ತಿಗೆ ಅಂಕಪಟ್ಟಿ, ಆಧಾರ್, ಎಬಿಸಿ ಐಡಿ, ನಾಡಕಚೇರಿಯ ಜಾತಿ–ಆದಾಯ ಪ್ರಮಾಣಪತ್ರ ಇವನ್ನೆಲ್ಲ ಒಂದು ಫೈಲಿಗೆ ಸೇರಿಸಿಟ್ಟಿರಬೇಕು. ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಮೂಲ ಪ್ರತಿಗಳನ್ನು ಪರಿಶೀಲನೆಗೆ ತೋರಿಸಿ, ಅಲ್ಲೇ ವಾಪಸ್ ತೆಗೆದುಕೊಳ್ಳಿ. ಶುಲ್ಕವನ್ನು ವಿಶ್ವವಿದ್ಯಾಲಯದ ಜಾಲತಾಣದ ಮೂಲಕವೇ ಕಟ್ಟಿ, ರಸೀದಿಯನ್ನು ಅದೇ ಫೈಲಿನಲ್ಲಿಡಿ.